ಖಾಲಿಯಾಗಿ ಬರಲಿ ಊಟದ ಡಬ್ಬಿ

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೋಗುವ ರೈಲು ಮಾರ್ಗದಲ್ಲಿ ಕುಂದಗೋಳ, ಸಂಶಿ ದಾಟಿದರೆ ಗುಡಗೇರಿ. ಸುತ್ತಲೂ ಎರೆ ಹೊಲ. ಮುಂಗಾರಿಗೆ ಹೆಸರು, ಶೇಂಗಾ, ಮೆಣಸಿನಗಿಡ; ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋಧಿ. ಬೆಳಗಾದರೆ ಸಾಕು, ಹೆಗಲಿಗೆ ಚೀಲ ಹಾಕಿಕೊಂಡ ಮಕ್ಕಳು ರೈಲಿಗೆ, ಬಸ್ಸಿಗೆ ಓಡುತ್ತಾರೆ. ಅವರ ಹಿಂದೆಯೇ ಮನೆಯ ಬಾಗಿಲಿನಿಂದ ಒಂದು ಕೂಗು: ‘ಡಬ್ಬಿ ತಗೊಂಡ್ಯೇನವಾ?’

ಡಬ್ಬಿಯನ್ನೇನೋ ತೆಗೆದುಕೊಂಡು ಹೋಗುತ್ತಾರೆ. ಆದರೆ ಸಂಜೆ ಅದು ಖಾಲಿಯಾಗಿ ಬರುತ್ತದೆಯೇ?

ನಮ್ಮ ಪರಿಚಯದ ಮನೆಯೊಂದರಲ್ಲಿ ಪಿಯುಸಿ ಓದುವ ಹುಡುಗಿ. ತಾಯಿ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಮಾಡಿ ಡಬ್ಬಿ ಕಟ್ಟಿ, ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೋಗುತ್ತಿದ್ದರು. ಸಂಜೆ ಡಬ್ಬಿ ತೆರೆದರೆ ರೊಟ್ಟಿ ಹಾಗೆಯೇ! ಕೇಳಿದರೆ ‘ಹಸಿವಿರಲಿಲ್ಲ’ ಎಂಬ ಉತ್ತರ. ಚೀಲದ ಮೂಲೆಯಲ್ಲಿ ಮಾತ್ರ ಐದು ರೂಪಾಯಿಯ ಕುರುಕಲು ಪೊಟ್ಟಣದ ಚೂರು. ಒಂದು ಮಧ್ಯಾಹ್ನ ಹುಡುಗಿ ಬಸ್ಸಿಗೆ ಕಾಯುವಾಗ ಕಣ್ಣು ಕತ್ತಲೆ ಬಂದು ಕುಸಿದಳು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಕಡಿಮೆ ಇದೆಯೆಂದು ಗೊತ್ತಾಯಿತು. ಆಗ ತಾಯಿ ಗದರಿಸದೆ, ಪಕ್ಕದಲ್ಲಿ ಕೂತು ಕೇಳಿದರು. ಹುಡುಗಿ ಹೇಳಿದ್ದಿಷ್ಟು: ‘ರೊಟ್ಟಿ ತಣ್ಣಗಾದ್ರ ಬಿರುಸಾಗ್ತದವ್ವಾ. ಪಲ್ಯದ ಎಣ್ಣಿ ಪುಸ್ತಕಕ್ಕ ಹತ್ತತದ. ಹತ್ತು ನಿಮಿಷದಾಗ ಹ್ಯಾಂಗ ತಿನ್ಲಿ?’

ಇದರಲ್ಲಿ ತಪ್ಪು ಯಾರದು? ತಾಯಿಯದೂ ಅಲ್ಲ, ಮಗಳದೂ ಅಲ್ಲ. ರೊಟ್ಟಿಯದಂತೂ ಖಂಡಿತ ಅಲ್ಲ! ಮನೆಯಲ್ಲಿ ಬಿಸಿಬಿಸಿಯಾಗಿ ಚಕ್ಕಂಬಟ್ಟಲು ಹಾಕಿ ಕೂತು ತಿನ್ನುವ ಊಟವನ್ನು, ಗಡಿಬಿಡಿಯಲ್ಲಿ ನಿಂತು ತಿನ್ನುವ ಜಾಗಕ್ಕೆ ಕಳಿಸಿದ್ದೇ ತೊಡಕಾಯಿತು. ಹಾಗಾದರೆ ಅದೇ ಜೋಳ, ಅದೇ ಕಡಲೆ, ಅದೇ ಪಲ್ಯವನ್ನು ಕೈಗೆ ಎಣ್ಣೆ ಹತ್ತದಂತೆ, ಎರಡೇ ತುತ್ತಿಗೆ ಮುಗಿಯುವಂತೆ ಮಾಡಿಕೊಟ್ಟರೆ ಹೇಗೆ?

ನಿರ್ಲಕ್ಷಿಸುವ ಮಾತಲ್ಲ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಅಂದರೆ ಇದು ಒಂದು ಮನೆಯ ಕಥೆಯಲ್ಲ. ಸರಕಾರಿ ಶಾಲೆಗಳಲ್ಲಿ ಓದುವ ಮಕ್ಕಳಿಗೆ ಮಧ್ಯಾಹ್ನ ಬಿಸಿಯೂಟ ಸಿಗುತ್ತದೆ. ಅಕ್ಷರ ದಾಸೋಹದ ಉಪಕಾರ ಸಣ್ಣದಲ್ಲ. ಆದರೆ ಹತ್ತನೆಯ ತರಗತಿ ದಾಟಿ ಪಿಯುಸಿಗೆ ಹೋದ ಕೂಡಲೇ ಆ ತಟ್ಟೆ ಇಲ್ಲವಾಗುತ್ತದೆ. ಮೈ ಬೆಳೆಯುವ, ಓದಿನ ಹೊರೆ ಹೆಚ್ಚುವ ವಯಸ್ಸಿನಲ್ಲೇ ಮಧ್ಯಾಹ್ನದ ಊಟ ಡಬ್ಬಿಯ ಪಾಲಾಗುತ್ತದೆ. ಡಬ್ಬಿ ತುಂಬಿದ್ದು ತುಂಬಿದಂತೆಯೇ ಮರಳಿದರೆ ಬೆಳಗಿನಿಂದ ಸಂಜೆಯವರೆಗೆ ಮಗು ಉಪವಾಸ ಎಂದೇ ಅರ್ಥ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ರಕ್ತಹೀನತೆ ಇದ್ದವರಿಗೆ ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆಯೇ ಚಿಕಿತ್ಸೆ. ತಿಂಡಿಯೊಂದರಿಂದ ಅದು ವಾಸಿಯಾಗುತ್ತದೆಂದು ಯಾರೂ ನಂಬಬಾರದು. ಆದರೆ ದಿನವೂ ಹೊಟ್ಟೆಗೆ ಒಳ್ಳೆಯ ಆಹಾರ ಬೀಳದಿದ್ದರೆ ಮಾತ್ರೆ ಒಂದೇ ಎಷ್ಟೆಂದು ದುಡಿದೀತು?

ಕರಿದದ್ದೋ, ಸುಟ್ಟದ್ದೋ?

ಮಕ್ಕಳಿಗೆ ಮಿರ್ಚಿ, ಭಜಿ ಇಷ್ಟ. ಇಷ್ಟಪಡಲಿ, ಸಂತೆಯ ದಿನ ತಿನ್ನಲಿ. ಆದರೆ ಕರಿಯುವಾಗ ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಬರುತ್ತದೆ, ಆ ಜಾಗಕ್ಕೆ ಎಣ್ಣೆ ನುಗ್ಗುತ್ತದೆ. ಒಣಶಾಖದಲ್ಲಿ ಬೇಯಿಸಿದರೆ ನೀರು ಹೋಗುತ್ತದೆ, ಆದರೆ ನಾವು ಹಾಕಿದ್ದಕ್ಕಿಂತ ಒಂದು ಹನಿ ಎಣ್ಣೆಯೂ ಹೆಚ್ಚಾಗುವುದಿಲ್ಲ. ಬೇಯಿಸುವುದರ ಲಾಭ ಇಷ್ಟೇ. ಹಾಗೆಂದು ‘ಬೇಕ್ ಮಾಡಿದ್ದೆಲ್ಲ ಆರೋಗ್ಯಕರ’ ಎಂದು ತಿಳಿಯಬೇಡಿ. ಬೇಕರಿಯ ಪಫ್ ಕೂಡ ಬೇಕ್ ಮಾಡಿದ್ದೇ! ಅದರಲ್ಲಿರುವುದು ಮೈದಾ ಮತ್ತು ವನಸ್ಪತಿ. ಒಲೆಗಿಂತ ಮುಖ್ಯವಾದದ್ದು ಒಳಗೆ ಹಾಕುವ ಹಿಟ್ಟು.

ಆ ಹಿಟ್ಟು ನಮ್ಮ ಹೊಲದಲ್ಲೇ ಇದೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಕಡಲೆಹಿಟ್ಟಿನಲ್ಲಿ ಅದರ ಎರಡರಷ್ಟು. ಜೋಳದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಕಡಲೆ, ಹೆಸರುಗಳಲ್ಲಿ ಅದು ಹೇರಳ. ಕಾಳುಗಳಲ್ಲಿ ಕಡಿಮೆಯಿರುವ ಮಿಥಿಯೊನಿನ್ ಜೋಳದಿಂದ ದೊರೆಯುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರೊಟ್ಟಿಯ ಜೊತೆ ಝುಣಕ, ಹೆಸರುಕಾಳಿನ ಪಲ್ಯ ಬಡಿಸಿದ ನಮ್ಮ ಅಜ್ಜಿಯರು ಅಮೈನೊ ಆಮ್ಲದ ಹೆಸರು ಕೇಳಿದವರಲ್ಲ. ಆದರೆ ಜೋಡಿಯನ್ನು ಸರಿಯಾಗಿಯೇ ಕೂಡಿಸಿದ್ದರು. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಹೆಸರಿನಲ್ಲೇ ‘ಅಣ್ಣಿಗೇರಿ-1’ ಎಂಬ ಕಡಲೆ ತಳಿಯಿರುವುದನ್ನು ವಿದ್ಯಾರ್ಥಿಗಳು ನೆನಪಿಡಬಹುದು.

ತೀರ್ಥದ ಮಹಿಳೆಯರು

ಕುಂದಗೋಳ ತಾಲ್ಲೂಕಿನ ತೀರ್ಥ ಎಂಬ ಹಳ್ಳಿಯ ಹೆಸರು 2025ರಲ್ಲಿ ಜಗತ್ತಿಗೆ ಕೇಳಿಸಿತು. ಅಲ್ಲಿಯ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ‘ಈಕ್ವೇಟರ್’ ಪ್ರಶಸ್ತಿ ಬಂದಿತು. 2018ರಲ್ಲಿ ಆರಂಭವಾದ ಈ ಸಂಘದ ಮಹಿಳೆಯರು ‘ಸಹಜ ಸಮೃದ್ಧ’ ಸಂಸ್ಥೆಯ ನೆರವಿನಿಂದ ಮರೆಯಾಗುತ್ತಿದ್ದ ಸಾವೆ, ನವಣೆಗಳಂಥ ಸಿರಿಧಾನ್ಯಗಳ ಬೀಜ ಉಳಿಸಿದರು, ಬೆಳೆಯುವವರಿಗೆ ಹಂಚಿದರು, ಸೌರಶಕ್ತಿಯಿಂದ ನಡೆಯುವ ಸಂಸ್ಕರಣಾ ಘಟಕವನ್ನೂ ನಡೆಸುತ್ತ ಬಂದರು.

ಸಂಸ್ಕರಣೆಯೇ ಏಕೆ ದೊಡ್ಡ ಮಾತು? ಸಾವೆಯ ಕಾಳು ಚಿಕ್ಕದು, ಸಿಪ್ಪೆ ಗಟ್ಟಿ. ಬೀಸುವ ಕಲ್ಲಿನಲ್ಲಿ ಹಾಕಿ, ಕುಟ್ಟಿ, ಕೇರಿ ಅಕ್ಕಿ ಮಾಡುವುದೆಂದರೆ ಹೆಂಗಸರ ರಟ್ಟೆ ಬೀಳುತ್ತಿತ್ತು. ಪಡಿತರದ ಅಕ್ಕಿ ಸುಲಭವಾಗಿ ಸಿಕ್ಕಾಗ ಸಾವೆ ಅಡಿಗೆಮನೆಯಿಂದ ಹೊರಬಿದ್ದದ್ದು ರುಚಿಯಿಲ್ಲದ್ದಕ್ಕಲ್ಲ, ಅದನ್ನು ಕುಟ್ಟುವವರಿಲ್ಲದ್ದಕ್ಕೆ. ಆ ಕಷ್ಟವನ್ನು ಯಂತ್ರ ಕಳೆದ ಮೇಲೆ ಸಾವೆ ಮತ್ತೆ ಒಳಗೆ ಬರಲು ಅಡ್ಡಿಯೇನು? 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ವರ್ಷ ಮುಗಿಯಿತು, ನಮ್ಮ ಮಕ್ಕಳ ಡಬ್ಬಿಯಲ್ಲಿ ಅದು ಆರಂಭವಾಗಲಿ.

ಜೋಳದ ತುತ್ತು: ಮಾಡುವ ವಿಧಾನ

ಬೇಕಾಗುವ ಸಾಮಗ್ರಿ: ಜೋಳದ ಹಿಟ್ಟು 2 ಬಟ್ಟಲು, ಕಡಲೆಹಿಟ್ಟು ಅರ್ಧ ಬಟ್ಟಲು, ಮೊಳಕೆ ಬರಿಸಿ ಬೇಯಿಸಿದ ಹೆಸರುಕಾಳು ಅರ್ಧ ಬಟ್ಟಲು, ತುರಿದ ಗಜ್ಜರಿ 1 ಬಟ್ಟಲು, ಹೆಚ್ಚಿದ ಮೆಂತ್ಯೆ ಸೊಪ್ಪು 1 ಬಟ್ಟಲು, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ 1, ಹಸಿಮೆಣಸಿನಕಾಯಿ 2 ಮತ್ತು ಬಳ್ಳೊಳ್ಳಿ 5 ಎಸಳು ಜಜ್ಜಿದ್ದು, ಜೀರಿಗೆ 1 ಚಮಚ, ಅಜವಾನ ಅರ್ಧ ಚಮಚ, ಬಿಳಿ ಎಳ್ಳು ಅಥವಾ ಅಗಸಿಪುಡಿ 2 ಚಮಚ, ಮೊಸರು ಕಾಲು ಬಟ್ಟಲು, ಎಣ್ಣೆ 3 ಚಮಚ, ಉಪ್ಪು 1 ಚಮಚ.

ಗಜ್ಜರಿ, ಮೆಂತ್ಯೆ, ಉಳ್ಳಾಗಡ್ಡಿಗಳಿಗೆ ಉಪ್ಪು ಬೆರೆಸಿ ಹತ್ತು ನಿಮಿಷ ಬಿಡಿ. ನೀರು ಬಿಡುತ್ತದೆ. ಹಿಂಡಿ ತೆಗೆಯಿರಿ, ಆದರೆ ಆ ನೀರನ್ನು ಚೆಲ್ಲಬೇಡಿ. ಅದಕ್ಕೆ ಮತ್ತಷ್ಟು ನೀರು ಕೂಡಿಸಿ ಮುಕ್ಕಾಲು ಬಟ್ಟಲು ಮಾಡಿ ಕುದಿಸಿ. ಕುದಿಯುವ ಎಸರನ್ನು ಜೋಳದ ಹಿಟ್ಟಿಗೆ ಸುರಿದು ಹಿಟ್ಟಿನ ಕೋಲಿನಿಂದ ಕಲಸಿ ಹತ್ತು ನಿಮಿಷ ಮುಚ್ಚಿಡಿ. ಕೈ ತಾಳುವಷ್ಟು ಬಿಸಿ ಉಳಿದಾಗ ಮಿಕ್ಕ ಸಾಮಗ್ರಿಗಳನ್ನೆಲ್ಲ ಹಾಕಿ ಚೆನ್ನಾಗಿ ನಾದಿ. ಗಟ್ಟಿಯೆನಿಸಿದರೆ ಸ್ವಲ್ಪ ನೀರು, ತೆಳುವೆನಿಸಿದರೆ ಸ್ವಲ್ಪ ಕಡಲೆಹಿಟ್ಟು. ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ಅಂಗೈಯಲ್ಲಿ ಮೆತ್ತಗೆ ಚಪ್ಪಟೆಗೊಳಿಸಿ.

ಒಲೆ ಯಾವುದು?

ಒವನ್ ಇದ್ದವರು ಮೊದಲೇ 180 ಡಿಗ್ರಿಗೆ ಕಾಯಿಸಿ 25ರಿಂದ 30 ನಿಮಿಷ ಬೇಯಿಸಲಿ. ನಡುವೆ ಒಮ್ಮೆ ಮಗ್ಗುಲು ತಿರುವಬೇಕು. ಇಲ್ಲದವರು ಚಿಂತಿಸಬೇಕಿಲ್ಲ. ನಮ್ಮ ಮನೆಯ ಪಡ್ಡಿನ ಹಂಚೇ ಸಾಕು. ಒಂದೊಂದು ಗುಳಿಗೆ ಎರಡು ಹನಿ ಎಣ್ಣೆ ಬಿಟ್ಟು, ಗುಳಿಗೆ ತಕ್ಕಷ್ಟು ಹಿಟ್ಟನ್ನು ಉಂಡೆಯಾಗಿಯೇ ಇಟ್ಟು, ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಆರೇಳು ನಿಮಿಷ ಬೇಯಿಸಿ. ತಿರುವಿ ಮತ್ತೆ ಅಷ್ಟೇ ಹೊತ್ತು. ಪಡ್ಡಿನ ಹಂಚೂ ಇಲ್ಲದಿದ್ದರೆ ದಪ್ಪ ತಳದ ಬೋಗುಣಿಯಲ್ಲಿ ಒಂದು ಬೆರಳು ದಪ್ಪ ಉಪ್ಪು ಹರಡಿ, ಮೇಲೊಂದು ಚಿಕ್ಕ ಸಿಂಬಿ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿರಿ. ತುತ್ತು ಜೋಡಿಸಿದ ತಟ್ಟೆಯನ್ನು ಸಿಂಬಿಯ ಮೇಲಿಟ್ಟು ಮುಚ್ಚಿ ಸುಮಾರು 40 ನಿಮಿಷ ಬೇಯಿಸಿದರೆ ಆಯಿತು. ಚಾಕು ಚುಚ್ಚಿದರೆ ಹಿಟ್ಟು ಅಂಟಬಾರದು, ಅದೇ ಗುರುತು.

ಸಾವೆಯಲ್ಲಿ ಮಾಡುವವರು ಜೋಳದ ಹಿಟ್ಟಿನ ಬದಲು ಆಗತಾನೇ ಮೆತ್ತಗೆ ಮಾಡಿದ ಸಾವೆ ಅನ್ನವನ್ನು ಕಿವುಚಿ, ಕಡಲೆಹಿಟ್ಟನ್ನು ಒಂದು ಬಟ್ಟಲಿಗೆ ಏರಿಸಿ, ಮೊಸರು ಬಿಟ್ಟು ಉಳಿದೆಲ್ಲವನ್ನೂ ಹಾಗೆಯೇ ಸೇರಿಸಬಹುದು. ಇದಕ್ಕೆ ಎಸರಿನ ಅಗತ್ಯವಿಲ್ಲ.

ವಿದ್ಯಾರ್ಥಿಗಳಿಗೊಂದು ಪ್ರಯೋಗ

ಜೋಳದ ಹಿಟ್ಟಿಗೆ ಅವ್ವ ಕುದಿಯುವ ನೀರನ್ನೇ ಏಕೆ ಹಾಕುತ್ತಾಳೆ? ಒಂದು ಹಿಡಿ ಹಿಟ್ಟನ್ನು ತಣ್ಣೀರಿನಲ್ಲಿ, ಇನ್ನೊಂದು ಹಿಡಿಯನ್ನು ಕುದಿನೀರಿನಲ್ಲಿ ಕಲಸಿ ತಟ್ಟಿ ನೋಡಿ. ಮೊದಲನೆಯದು ಅಂಚಿನಲ್ಲಿ ಬಿರಿಯುತ್ತದೆ, ಎರಡನೆಯದು ಹಿಡಿದುಕೊಳ್ಳುತ್ತದೆ. ಗೋಧಿಯಲ್ಲಿರುವ ಗ್ಲೂಟನ್ ಎಂಬ ಅಂಟು ಜೋಳದಲ್ಲಿಲ್ಲ. ಕುದಿನೀರು ಬಿದ್ದಾಗ ಜೋಳದ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಗಂಜಿಯಂತಾಗುತ್ತವೆ. ಆ ಗಂಜಿಯೇ ಅಂಟಿನ ಕೆಲಸ ಮಾಡುತ್ತದೆ. ಪ್ರಯೋಗಾಲಯ ಬೇರೆಲ್ಲೋ ಇದೆಯೆಂದು ತಿಳಿಯಬೇಡಿ, ನಿಮ್ಮ ಅವ್ವನ ಕೊಣಮಿಗೆಯಲ್ಲೇ ಇದೆ! ಈ ಪ್ರಯೋಗ ಹುಡುಗಿಯರಿಗೆ ಮಾತ್ರ ಎಂದು ಹುಡುಗರು ಜಾರಿಕೊಳ್ಳಬಾರದು. ಗಜ್ಜರಿ ತುರಿಯಲು, ಉಂಡೆ ಕಟ್ಟಲು ಎಲ್ಲರಿಗೂ ಕೈಗಳಿವೆ.

ಕೆಲವು ಎಚ್ಚರಿಕೆಗಳು

ಕಾಯಿಪಲ್ಯೆ ಹಾಕಿದ ತುತ್ತಿನಲ್ಲಿ ತೇವ ಉಳಿದಿರುತ್ತದೆ. ನಮ್ಮ ಬಿಸಿಲಿಗೆ ಅದು ಬೇಗ ಹಳಸುತ್ತದೆ. ಆದ್ದರಿಂದ ಬೆಳಿಗ್ಗೆ ಮಾಡಿದ್ದನ್ನು ಮಧ್ಯಾಹ್ನವೇ ತಿನ್ನಬೇಕು, ಮರುದಿನಕ್ಕೆ ಇಡಬಾರದು. ಬಿಸಿಯಿದ್ದಾಗಲೇ ಡಬ್ಬಿ ಮುಚ್ಚಿದರೆ ಆವಿ ನೀರಾಗಿ ತುತ್ತು ಒದ್ದೆಯಾಗುತ್ತದೆ. ಆರಿದ ಮೇಲೆ ಮುಚ್ಚಿ. ಕಾಳು ನೆನೆಹಾಕುವುದು, ಮೊಳಕೆ ಕಟ್ಟುವುದು, ಬಳ್ಳೊಳ್ಳಿ ಸುಲಿಯುವುದು ಇವನ್ನು ಹಿಂದಿನ ರಾತ್ರಿಯೇ ಮುಗಿಸಿಕೊಂಡರೆ ಬೆಳಗಿನ ಗಡಿಬಿಡಿ ಅರ್ಧ ತಗ್ಗುತ್ತದೆ.

ವಾರಗಟ್ಟಲೆ ಇಡಬೇಕೆಂದರೆ ಕಡಕ್ ರೊಟ್ಟಿಯಿಂದ ಪಾಠ ಕಲಿಯಬೇಕು. ಅದು ಕೆಡದಿರುವುದು ನೀರಿನಂಶ ಪೂರ್ತಿ ಹೋಗಿರುವುದರಿಂದ. ಹಸಿ ತರಕಾರಿ, ಮೊಳಕೆಕಾಳು, ಮೊಸರು ಬಿಟ್ಟು, ಒಣಗಿಸಿದ ಮೆಂತ್ಯೆ ಸೊಪ್ಪು, ಎಳ್ಳು, ಜೀರಿಗೆ ಮಾತ್ರ ಹಾಕಿ ತೆಳ್ಳಗೆ ತಟ್ಟಿ, ಗರಿಗರಿಯಾಗುವವರೆಗೆ ಬೇಯಿಸಿ, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಅದು ಪೊಟ್ಟಣದ ಕುರುಕಲಿಗೆ ಒಳ್ಳೆಯ ಎದುರಾಳಿ.

ಉಪ್ಪು ಹಿತಮಿತವಾಗಿರಲಿ. ದೊಡ್ಡವರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಡಬ್ಬಿಯ ಮೂಲೆಯಲ್ಲಿ ಒಂದು ಹೋಳು ಪೇರಲ ಅಥವಾ ನೆಲ್ಲಿಕಾಯಿ ಇರಲಿ. ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ಮೈ ಹೀರಿಕೊಳ್ಳಲು ಅದರಲ್ಲಿರುವ ಸಿ ಜೀವಸತ್ವ ನೆರವಾಗುತ್ತದೆ. ಚಹಾ ಇದಕ್ಕೆ ವಿರುದ್ಧ. ಊಟದ ಜೊತೆಗೆ ಚಹಾ ಕುಡಿದರೆ ಆ ಕಬ್ಬಿಣ ಸರಿಯಾಗಿ ದಕ್ಕುವುದಿಲ್ಲ. ಕಾಲೇಜಿನ ಮುಂದಿನ ಚಹಾದಂಗಡಿಗೆ ಒಂದು ತಾಸು ತಡವಾಗಿ ಹೋದರೆ ನಷ್ಟವೇನಿಲ್ಲ!

ಕೊನೆಗೆ

ಮೊದಲು ಹೇಳಿದ ಹುಡುಗಿಯ ಮನೆಯಲ್ಲಿ ಈಗ ವಾರಕ್ಕೆ ಮೂರು ದಿನ ಪಡ್ಡಿನ ಹಂಚು ಒಲೆಯೇರುತ್ತದೆ. ಮಿಕ್ಕ ದಿನ ರೊಟ್ಟಿಯೇ. ಆದರೆ ಮೆತ್ತಗಿದ್ದಾಗಲೇ ಒಳಗೆ ಒಣಪಲ್ಯವಿಟ್ಟು ಸುರುಳಿ ಸುತ್ತಿದ ರೊಟ್ಟಿ. ರಾತ್ರಿ ಕಾಳು ಕಟ್ಟಿಡುವ ಕೆಲಸ ಮಗಳದು, ಗಜ್ಜರಿ ತುರಿಯುವುದು ತಮ್ಮನದು. ಮಾತ್ರೆಯನ್ನೂ ತಪ್ಪಿಸುತ್ತಿಲ್ಲ. ಮೊದಲ ವಾರ ತುತ್ತು ಗಟ್ಟಿಯಾಗಿ ಕಲ್ಲಿನಂತಾಯಿತಂತೆ, ಮೊಸರು ಹೆಚ್ಚಿಸಿದ ಮೇಲೆ ಸರಿಹೋಯಿತು. ಈಗ ಗೆಳತಿಯರು ಪಾಲು ಕೇಳುತ್ತಾರೆಂದು ಎರಡು ಹೆಚ್ಚೇ ಕಟ್ಟುತ್ತಾರೆ.

ತಾಯಂದಿರೇ, ತಂದೆಯರೇ, ಸಂಜೆ ಮಗು ಮನೆಗೆ ಬಂದಾಗ ‘ಎಷ್ಟು ಮಾರ್ಕ್ಸ್ ಬಂತು?’ ಎಂದು ಕೇಳುವ ಮೊದಲು ಒಮ್ಮೆ ಡಬ್ಬಿಯ ಮುಚ್ಚಳ ತೆರೆದು ನೋಡಿ. ತುಂಬಿದ್ದರೆ ಸಿಟ್ಟಾಗಬೇಡಿ, ‘ಯಾಕ ಉಳೀತು?’ ಎಂದು ಮೆತ್ತಗೆ ಕೇಳಿ. ಉತ್ತರ ಸಿಕ್ಕರೆ, ನಾಳೆಯ ಅಡಿಗೆ ಅಲ್ಲಿಂದಲೇ ಶುರು.