ಮುದ್ದೆ ಸಿಕ್ಕಿಕೊಂಡ ಮೇಲಲ್ಲ, ಮೊದಲೇ ನೋಡಿಸಿ!

“ಎಪ್ಪತ್ತೈದು ದಾಟಿತು. ಇನ್ನು ಎದೆ ಕೊಯ್ಸಿಕೊಂಡು ಏನಾಗಬೇಕು? ಬಿಡ್ರಪ್ಪಾ!”

ಅನ್ನನಾಳದ ಕ್ಯಾನ್ಸರ್ ಎಂದು ಗೊತ್ತಾದ ದಿನ ಮನೆಯ ಹಿರಿಯರ ಬಾಯಿಂದ ಬರುವ ಮಾತು ಇದು. ಮಾತಿನಲ್ಲಿ ಅರ್ಥವಿಲ್ಲದೇ ಇಲ್ಲ. ಈ ರೋಗಕ್ಕೆ ಆಪರೇಷನ್ ಅಂದರೆ ಅನ್ನನಾಳದ ಬಹುಭಾಗ ತೆಗೆದು, ಜಠರವನ್ನೇ ಮೇಲಕ್ಕೆಳೆದು ಜೋಡಿಸಬೇಕು. ಗಟ್ಟಿಮುಟ್ಟಾದವರಿಗೇ ಕಷ್ಟ. ಬೀಡಿ ಸೇದಿ ಶ್ವಾಸಕೋಶ ಸೋತ, ಬಿ.ಪಿ., ಸಕ್ಕರೆ ಕಾಯಿಲೆ ಅಂಟಿಕೊಂಡ ಮುದುಕರ ಪಾಡೇನು?

ಆದರೆ ರೋಗ ಇನ್ನೂ ಒಳಗಿನ ತೆಳು ಪದರದಲ್ಲೇ ಇದ್ದರೆ ಎದೆ ಕೊಯ್ಯಬೇಕಾಗಿಯೇ ಇಲ್ಲ. ಜಪಾನಿನ ವೈದ್ಯರು 1980ರ ದಶಕದಿಂದೀಚೆಗೆ ಬೆಳೆಸಿಕೊಂಡು ಬಂದ ವಿದ್ಯೆ ಇದು. ಬಾಯಿಯ ಮೂಲಕ ಎಂಡೋಸ್ಕೋಪಿ ಕೊಳವೆ ಇಳಿಸುತ್ತಾರೆ. ಅಯೋಡಿನ್ ದ್ರಾವಣ ಚಿಮುಕಿಸಿದರೆ ಚೆನ್ನಾಗಿರುವ ಜಾಗ ಕಂದು ಬಣ್ಣಕ್ಕೆ ತಿರುಗುತ್ತೆ, ಕೆಟ್ಟ ಜಾಗ ಬಣ್ಣ ಹಿಡಿಯದೆ ಬಿಳಚಿಕೊಂಡೇ ಉಳಿಯುತ್ತೆ. ಅದರ ಸುತ್ತ ಗುರುತು ಹಾಕಿ, ಅಡಿಗೆ ಸೂಜಿಯಿಂದ ಸಲೈನಿನಂಥ ದ್ರವ ತುಂಬಿದರೆ ಆ ಪದರ ಪೂರಿಯ ಹಾಗೆ ಉಬ್ಬುತ್ತೆ. ಆಗ ಕೊಳವೆಯ ತುದಿಯಲ್ಲಿರುವ ಪುಟ್ಟ ವಿದ್ಯುತ್ ಚಾಕುವಿನಿಂದ ಅದನ್ನು ಎಬ್ಬಿಸಿ ತೆಗೀತಾರೆ. ಹೊರಗೆ ಗಾಯವಿಲ್ಲ, ಹೊಲಿಗೆಯಿಲ್ಲ, ಅನ್ನನಾಳವೂ ಇದ್ದಲ್ಲೇ ಇರುತ್ತೆ. ವಯಸ್ಸಾಯಿತು ಎಂಬ ಒಂದೇ ಕಾರಣಕ್ಕೆ ಇದನ್ನು ತಳ್ಳಿಹಾಕಬೇಕಿಲ್ಲ. ಹೃದಯ, ಶ್ವಾಸಕೋಶ, ರೋಗಿಯ ನಡೆದಾಡುವ ಶಕ್ತಿ ನೋಡಿ ತೀರ್ಮಾನಿಸುತ್ತಾರೆ.

ಇದೇನೂ ಹಲ್ಲು ಕಿತ್ತಷ್ಟು ಸಲೀಸಲ್ಲ. ರಕ್ತ ಸುರಿಯಬಹುದು, ನಾಳಕ್ಕೆ ತೂತು ಬೀಳಬಹುದು, ಮುದುಕರಿಗೆ ನ್ಯುಮೋನಿಯಾ ಅಂಟಬಹುದು. ನಾಳದ ಸುತ್ತಳತೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಕೆತ್ತಿ ತೆಗೆದರೆ ಗಾಯ ಮಾಯುವಾಗ ದಾರಿ ಕಿರಿದಾಗುತ್ತೆ. ಆಮೇಲೆ ಬಲೂನು ಹಾಕಿ ಅಗಲಿಸಬೇಕು, ಕೆಲವರಿಗೆ ಮತ್ತೆ ಮತ್ತೆ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಡಾಕ್ಟರಿಗೆ ಹೇಳಲೇಬೇಕು, ತಾವಾಗಿಯೇ ನಿಲ್ಲಿಸಲೂಬಾರದು.

ತೆಗೆದ ತುಂಡು ಲ್ಯಾಬಿಗೆ ಹೋಗುತ್ತೆ. ಬೇರು ಆಳಕ್ಕೆ ಇಳಿದಿದ್ದರೆ ಹಾಲುರಸದ ಗ್ರಂಥಿಗಳಿಗೆ ಹರಡಿರುವ ಭಯ. ಆಗ ಆಪರೇಷನ್ನೋ, ಕರೆಂಟು ಕೊಡೋದೋ, ಔಷಧಿಯೋ, ಇಲ್ಲವೇ ಕಾದು ನೋಡೋದೋ? ಎಂಬತ್ತರ ಅಜ್ಜನಿಗೂ ಅರವತ್ತರ ತಂಗಿಗೂ ಉತ್ತರ ಒಂದೇ ಆಗಿರೋದಿಲ್ಲ.

ತೊಡಕು ಇರುವುದು ಬೇರೆ ಕಡೆ. 1982ರಲ್ಲಿ ಶುರುವಾದ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲಿ ಅನ್ನನಾಳದ ಕ್ಯಾನ್ಸರ್ ಗಂಡಸರಲ್ಲೂ ಹೆಂಗಸರಲ್ಲೂ ಹೆಚ್ಚಾಗಿ ಕಾಣುವವುಗಳ ಸಾಲಿನಲ್ಲೇ ಇದೆ. ಆದರೆ ನಮ್ಮವರು ಆಸ್ಪತ್ರೆಗೆ ಹೋಗೋದು ಯಾವಾಗ? ಮುದ್ದೆ ಇಳಿಯದೆ ಅನ್ನಕ್ಕೆ ಬಂದು, ಅನ್ನ ಇಳಿಯದೆ ಗಂಜಿಗೆ ಬಂದು, ಗಂಜಿಯೂ ನಿಂತ ಮೇಲೆ! ನುಂಗಲು ತೊಂದರೆ ಎನ್ನುವ ಹೊತ್ತಿಗೆ ಒಳದಾರಿ ಬಹಳಷ್ಟು ಮುಚ್ಚಿರುತ್ತೆ, ಚಾಕುವಿನ ತುದಿಯ ಚಿಕಿತ್ಸೆಯ ಕಾಲ ಸಾಮಾನ್ಯವಾಗಿ ಮುಗಿದಿರುತ್ತೆ. ಆರಂಭದ ರೋಗಕ್ಕೆ ನೋವಿಲ್ಲ, ಸುಳಿವೂ ಇಲ್ಲ. ಜಪಾನಿನಲ್ಲಿ ಹೊಟ್ಟೆಯ ಕ್ಯಾನ್ಸರಿಗೆಂದು ಕೊಳವೆ ಹಾಕಿ ನೋಡೋದು ರೂಢಿ; ಹಾಗೆ ನೋಡುವಾಗ ಇದೂ ಸಿಕ್ಕಿಬೀಳುತ್ತೆ.

ಇಲ್ಲಿ ಆ ರೂಢಿಯಿಲ್ಲ. ಹಾಗಾಗಿ ಹೊಟ್ಟೆ ಉರಿ ಎಂದು ಎಂಡೋಸ್ಕೋಪಿಗೆ ಹೋಗುವ ಹಿರಿಯರು ಬೀಡಿ, ಹೊಗೆಸೊಪ್ಪು, ಕುಡಿತದ ಅಭ್ಯಾಸವನ್ನು ಮಕ್ಕಳ ಮುಂದೆ ಹೇಗೆ ಹೇಳೋದು ಎಂದು ಮುಚ್ಚಿಡದೆ, “ಅನ್ನನಾಳವನ್ನೂ ಸರಿಯಾಗಿ ನೋಡಿ ಸಾರ್” ಎಂದು ಕೇಳಬಹುದು. ಹಿಂದೆ ಬಾಯಿ, ಗಂಟಲಿನ ಕ್ಯಾನ್ಸರ್ ಆಗಿ ಗುಣವಾದವರಂತೂ ಕೇಳಲೇಬೇಕು. ಎರಡನೆಯದು ಹುಟ್ಟುವ ಸಂಭವ ಅವರಲ್ಲಿ ಹೆಚ್ಚು.