ಕೋಡ್ ಬಾರದವರಿಗೂ ಅಲ್ಲಿ ಕೆಲಸವಿದೆ

"ಮುಕ್ತ ತಂತ್ರಾಂಶ ಅಂದ್ರೆ ಇಂಜಿನಿಯರಿಂಗ್ ಓದಿದವರಿಗೆ." ಮುತ್ತಿನಕೊಪ್ಪ, ಕೊಪ್ಪ, ಶೃಂಗೇರಿ ಕಡೆಯ ಬಿಎ, ಬಿಕಾಂ ಮಕ್ಕಳಲ್ಲಿ ಈ ನಂಬಿಕೆ ಗಟ್ಟಿಯಾಗಿದ್ದರೆ ಅವರನ್ನು ದೂರುವಂತಿಲ್ಲ. ಹೆಚ್ಚಿನವರು ಕೇಳಿರುವುದು ಗೂಗಲ್ ಸಮ್ಮರ್ ಆಫ್ ಕೋಡ್ ಒಂದನ್ನೇ. 2005ರಲ್ಲಿ ಶುರುವಾದ ಆ ಕಾರ್ಯಕ್ರಮದ ಮಟ್ಟಿಗೆ ಕೋಡ್ ಬರಲೇಬೇಕು ಎಂಬುದು ನಿಜವೇ: ಬರೀ ಡಾಕ್ಯುಮೆಂಟೇಶನ್ ಮಾಡುತ್ತೇನೆ ಎಂಬ ಅರ್ಜಿಗೆ ಅಲ್ಲಿ ಜಾಗವಿಲ್ಲ.

ಔಟ್‌ರೀಚಿಯಲ್ಲಿ ಹಾಗಿಲ್ಲ. ತಂತ್ರಜ್ಞಾನದಲ್ಲಿ ಅವಕಾಶ ಕಡಿಮೆ ಸಿಕ್ಕವರಿಗಾಗಿ ಇರುವ ಈ ಇಂಟರ್ನ್‌ಶಿಪ್ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಪ್ರೋಗ್ರಾಮಿಂಗ್ ಜೊತೆಗೆ ಡಾಕ್ಯುಮೆಂಟೇಶನ್, ವಿನ್ಯಾಸ, ಚಿತ್ರರಚನೆ, ಬಳಕೆದಾರರ ಅನುಭವದ ಅಧ್ಯಯನದಂಥ ಕೆಲಸಗಳೂ ಇರುತ್ತವೆ. ಸಂಖ್ಯೆಯಲ್ಲಿ ಕೋಡಿಂಗ್‌ನದೇ ಮೇಲುಗೈ, ಅದನ್ನು ಮುಚ್ಚಿಡಬಾರದು.

ಬಿಟ್ಟಿ ಚಾಕರಿಯೇ? ಅಲ್ಲ. ಮೂರು ತಿಂಗಳಿಗೆ 7,000 ಡಾಲರ್ ಸ್ಟೈಪೆಂಡ್, ಮನೆಯಿಂದಲೇ ಕೆಲಸ.

ಇವೆಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ, ಕೋಡ್ ಇಲ್ಲದ ಕೆಲಸ ಹಗುರ ಎನ್ನುವುದು. ವಾರಕ್ಕೆ 30 ಗಂಟೆ ಕೊಡಬೇಕು. ಕಾಲೇಜಿನ ವೇಳಾಪಟ್ಟಿ ಅದಕ್ಕೆ ಹೊಂದಬೇಕು. ಮೆಂಟರ್ ಜೊತೆಗಿನ ಮಾತುಕತೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಆಯ್ಕೆಗೆ ಮುಂಚೆಯೇ, ಸೇರಬಯಸುವ ಮುಕ್ತ ತಂತ್ರಾಂಶ ಯೋಜನೆಗೆ ಏನಾದರೂ ಕೆಲಸ ಮಾಡಿ ತೋರಿಸಬೇಕು. ಅಂಕಪಟ್ಟಿಗಿಂತ ಆ ಕೆಲಸವೇ ಮಾತಾಡುತ್ತದೆ, ಊರಿನ ಕಾಲೇಜಿನ ಮಕ್ಕಳಿಗೆ ಇದು ಒಳ್ಳೆಯದೇ ಎಂದು ನನ್ನ ಎಣಿಕೆ.

ಹಾಗಾದರೆ ಕೈ ಪಳಗಿಸಿಕೊಳ್ಳುವುದು ಎಲ್ಲಿ? ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ದ್ವಿತೀಯ ಭಾಷೆಯಾಗಿ ಕನ್ನಡ ಓದುತ್ತಿದ್ದವರು ಕನ್ನಡ ವಿಕಿಪೀಡಿಯ, ವಿಕಿಸೋರ್ಸ್‌ಗಳಿಗೆ ದುಡಿದಿದ್ದಾರೆ. ಅದಕ್ಕೆ ಬೇಕಾಗಿದ್ದು ಕನ್ನಡ ಮತ್ತು ತಾಳ್ಮೆ. ಊರಲ್ಲೇ ಕೂತು ಮಾಡಬಹುದಾದದ್ದು ಓಪನ್‌ಸ್ಟ್ರೀಟ್‌ಮ್ಯಾಪ್, ಅಂದರೆ ಜನರೇ ಸೇರಿ ಕಟ್ಟುವ ಮುಕ್ತ ನಕ್ಷೆಯ ಕೆಲಸ. ಉದಾಹರಣೆಗೆ, ನರಸಿಂಹರಾಜಪುರಕ್ಕೆ ಹಿಂದೆ ಎಡೇಹಳ್ಳಿ ಎಂಬ ಹೆಸರಿತ್ತು. ಆ ನಕ್ಷೆಯಲ್ಲಿ ಕನ್ನಡದ ಹೆಸರಿಗೆ, ಹಳೆಯ ಹೆಸರಿಗೆ, ಜನ ಕರೆಯುವ ಇನ್ನೊಂದು ಹೆಸರಿಗೆ ಬೇರೆ ಬೇರೆ ಜಾಗಗಳೇ ಇವೆ. ಭದ್ರಾ ಹಿನ್ನೀರಿನ ದಡದ ಕೇರಿಗಳ ಹೆಸರು, ಮಳೆಗಾಲದಲ್ಲಿ ಮುಳುಗುವ ದಾರಿ, ತೋಟದ ನಡುವಿನ ಕಾಲುಹಾದಿ ಇವೆಲ್ಲ ಗೊತ್ತಿರುವುದು ಅಲ್ಲಿ ಓಡಾಡುವವರಿಗೆ. ಒಂದು ನಿಯಮ ಮಾತ್ರ ಮೀರಬಾರದು: ಗೂಗಲ್ ಮ್ಯಾಪ್ಸ್ ನೋಡಿ ನಕಲು ಮಾಡುವಂತಿಲ್ಲ, ಹಕ್ಕುಸ್ವಾಮ್ಯದ ತೊಡಕು. ಕಣ್ಣಾರೆ ಕಂಡದ್ದನ್ನು, ಊರಿನ ಹಿರಿಯರನ್ನು ಕೇಳಿ ತಿಳಿದದ್ದನ್ನು ಹಾಕಬೇಕು. ಯಾರು, ಯಾವ ದಿನ, ಏನು ಸೇರಿಸಿದರು ಎಂಬುದು ಅಲ್ಲಿ ದಾಖಲಾಗುತ್ತದೆ. ಮುಂದೆ ಅರ್ಜಿ ಹಾಕುವಾಗ ಅನುಭವವೆಂದು ಅದನ್ನೇ ತೋರಿಸಬಹುದು.