ದೋಣಿಯ ಆಳಮಾಪಕ ತಪ್ಪು ತೋರಿಸಿದಾಗ

ಶೋಳಿಂಗನಲ್ಲೂರಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ನೀರು ದೂರದ ಸಂಗತಿಯಲ್ಲ. ಹಳೆಯ ಮಹಾಬಲಿಪುರಂ ರಸ್ತೆಗೂ ಪೂರ್ವ ಕರಾವಳಿ ರಸ್ತೆಗೂ ನಡುವೆ ಬಕಿಂಗ್‌ಹ್ಯಾಮ್ ಕಾಲುವೆಯಿದೆ. ದಕ್ಷಿಣಕ್ಕೆ ಸಾಗಿದರೆ ಮುಟ್ಟುಕಾಡಿನ ಹಿನ್ನೀರು. ಅಲ್ಲಿ ತಮಿಳುನಾಡು ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು 1984ರಲ್ಲಿ ಆರಂಭಿಸಿದ ದೋಣಿವಿಹಾರ ಕೇಂದ್ರವಿದೆ. ಊರಿನಿಂದ ಬಂದ ನೆಂಟರನ್ನು ಅಲ್ಲಿಗೆ ಕರೆದೊಯ್ಯದ ಮನೆಗಳು ನಮ್ಮಲ್ಲಿ ವಿರಳ. ಸ್ವಂತ ದೋಣಿಯ ಹವ್ಯಾಸವೂ ಈ ನಗರಕ್ಕೆ ಹೊಸದಲ್ಲ. ಚೆನ್ನೈ ಬಂದರಿನ ರಾಯಲ್ ಮದ್ರಾಸ್ ಯಾಚ್ ಕ್ಲಬ್ 1911ರಷ್ಟು ಹಳೆಯದು.

ಮುಟ್ಟುಕಾಡಿನ ನೀರು ಕೋವಳಂ ಬಳಿ ಸಮುದ್ರವನ್ನು ಸೇರುತ್ತದೆ. ಬೇಸಗೆಯಲ್ಲಿ ಆ ಅಳಿವೆಗೆ ಮರಳಿನ ದಿಣ್ಣೆ ಅಡ್ಡ ಬರುತ್ತದೆ. ಈಶಾನ್ಯ ಮಳೆಗಾಲದ ಪ್ರವಾಹ ಅದನ್ನು ಒಡೆಯುತ್ತದೆ. ಗಂಗೊಳ್ಳಿ, ಮಲ್ಪೆ, ಮಂಗಳೂರುಗಳ ಅಳಿವೆಗಳನ್ನು ಬಲ್ಲ ನಮ್ಮ ಕರಾವಳಿಯವರಿಗೆ ಈ ಮರಳಿನ ಆಟ ಪರಿಚಿತವೇ. ಇಂತಹ ನೀರಿನಲ್ಲಿ ಆಳಮಾಪಕವು ತಪ್ಪು ತೋರಿಸಿದರೆ ದೋಣಿ ನೆಲಕ್ಕೆ ತಗುಲೀತು. ಅಳಿವೆಯ ಬಾಯಲ್ಲಾದರೆ ಅಲೆಗೆ ಅಡ್ಡವಾಗಿ ನಿಂತು ಮಗುಚಲೂಬಹುದು. ಆದುದರಿಂದ ಯಂತ್ರವನ್ನು ಪರೀಕ್ಷಿಸುವ ಕ್ರಮವನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ಆಳಮಾಪಕದ ಕಾರ್ಯವಿಧಾನ

ಪ್ರತಿಧ್ವನಿಯಿಂದ ಆಳವನ್ನು ಅಳೆಯುವ ವಿಧಾನಕ್ಕೆ ಜರ್ಮನಿಯ ಅಲೆಕ್ಸಾಂಡರ್ ಬೆಹ್ಮ್ 1913ರಲ್ಲಿ ಪೇಟೆಂಟ್ ಪಡೆದರು. ಅದರ ಹಿಂದಿನ ವರ್ಷವಷ್ಟೇ ಟೈಟಾನಿಕ್ ಮುಳುಗಿತ್ತು. ದೋಣಿಯ ತಳದಲ್ಲಿರುವ ಟ್ರಾನ್ಸ್‌ಡ್ಯೂಸರ್ ಎಂಬ ಭಾಗವು ಧ್ವನಿತರಂಗವನ್ನು ಕೆಳಕ್ಕೆ ಕಳುಹಿಸಿ, ನೆಲಕ್ಕೆ ಬಡಿದು ಬಂದ ಮಾರ್ದನಿಯನ್ನು ಸ್ವೀಕರಿಸುತ್ತದೆ. ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಮಾರ್ದನಿಯು ಸೆಕೆಂಡಿನ ಸಾವಿರದಲ್ಲಿ 4 ಭಾಗದಷ್ಟು ಕಾಲದಲ್ಲಿ ಮರಳಿದರೆ ಅದು ಕ್ರಮಿಸಿದ ದೂರ 6 ಮೀಟರ್. ಹೋಗಿ ಬರುವ ದಾರಿಯಾದ್ದರಿಂದ ಆಳ 3 ಮೀಟರ್.

ಪರದೆಯೇ ಬೆಳಗದಿದ್ದರೆ

ಇಂತಹ ಸಂದರ್ಭದಲ್ಲಿ ಟ್ರಾನ್ಸ್‌ಡ್ಯೂಸರನ್ನು ಮುಟ್ಟುವ ಅಗತ್ಯವಿಲ್ಲ. ಫ್ಯೂಸ್, ಬ್ಯಾಟರಿ, ತಂತಿಯ ಕೂಡುಗಳನ್ನು ಈ ಕ್ರಮದಲ್ಲಿ ನೋಡಬೇಕು. ಪೂರ್ಣ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಬ್ಯಾಟರಿಯ ಬಳಿ ಅಷ್ಟಿದ್ದು, ಯಂತ್ರದ ಪ್ಲಗ್ಗಿನ ಬಳಿ ಬಹಳ ಕಡಿಮೆಯಿದ್ದರೆ ದೋಷ ನಡುವಣ ತಂತಿಯಲ್ಲಿದೆ. ಉಪ್ಪುಗಾಳಿಗೆ ತಾಮ್ರ ಹಸಿರುಗಟ್ಟುವುದೇ ಇದಕ್ಕೆ ಸಾಮಾನ್ಯ ಕಾರಣ. ಎಂಜಿನ್ ಚಾಲೂ ಮಾಡುವ ಕ್ಷಣದಲ್ಲಿ ಮಾತ್ರ ಪರದೆ ಆರಿಹೋದರೆ ಬ್ಯಾಟರಿ ಬಲಹೀನವಾಗಿದೆ ಅಥವಾ ಕೂಡು ಸಡಿಲವಾಗಿದೆ ಎಂದು ತಿಳಿಯಬಹುದು.

ಪರದೆ ಬೆಳಗಿದರೂ ಅಂಕಿ ಮೂಡದಿದ್ದರೆ

ದೋಣಿ ನಿಂತಿರುವಾಗ ಸರಿಯಾಗಿದ್ದು ವೇಗ ಹೆಚ್ಚಿದಾಗ ಅಂಕಿ ಮಾಯವಾದರೆ, ಟ್ರಾನ್ಸ್‌ಡ್ಯೂಸರಿನ ಕೆಳಗೆ ಗಾಳಿಗುಳ್ಳೆಗಳು ಹರಿಯುತ್ತಿವೆ ಎಂದರ್ಥ. ಅದನ್ನು ಕೂರಿಸಿದ ಸ್ಥಾನವನ್ನೋ ಕೋನವನ್ನೋ ಬದಲಿಸಬೇಕು. ನಿಂತಾಗಲೂ ಅಂಕಿ ಮೂಡದಿದ್ದರೆ ಅದರ ಮುಖಕ್ಕೆ ಪಾಚಿ, ಚಿಪ್ಪು ಅಂಟಿರಬಹುದು. ಮೆತ್ತನೆಯ ಬಟ್ಟೆ, ಸೋಪಿನ ನೀರಿನಿಂದ ಒರೆಸಬೇಕೇ ಹೊರತು ಚಾಕುವಿನಿಂದ ಕೆರೆಯಬಾರದು. ಆಮೇಲೂ ಫಲವಿಲ್ಲದಿದ್ದರೆ ಕೇಬಲ್ ಎಲ್ಲಿಯಾದರೂ ಜಜ್ಜಿದೆಯೇ ಎಂದು ನೋಡಬೇಕು.

ಅಂಕಿ ಮೂಡಿದರೂ ತಪ್ಪಾಗಿದ್ದರೆ

ಎಲ್ಲಕ್ಕಿಂತ ಅಪಾಯಕರವಾದುದು ಇದೇ. ಕೆಟ್ಟುನಿಂತ ಯಂತ್ರವನ್ನು ಯಾರೂ ನಂಬುವುದಿಲ್ಲ. ತಪ್ಪು ಅಂಕಿಯನ್ನು ಎಲ್ಲರೂ ನಂಬುತ್ತಾರೆ. ಇಲ್ಲಿ ನಮ್ಮ ಹಿರಿಯರ ಉಪಾಯವೇ ಗತಿ: ತುದಿಗೆ ಭಾರ ಕಟ್ಟಿ, ಅರ್ಧ ಮೀಟರಿಗೊಂದು ಗುರುತು ಹಾಕಿದ ಹಗ್ಗ. ಮೀನುಗಾರರು ಮಾರುಗಟ್ಟಲೆ ಆಳವನ್ನು ಹೀಗೆಯೇ ಅಳೆದವರು. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಅವರ ಕಾವ್ಯನಾಮವೂ ಮಿಸಿಸಿಪಿ ನದಿಯ ದೋಣಿಗಾರರು ಹೀಗೆ ಅಳೆದು ಕೂಗುತ್ತಿದ್ದ, ಎರಡು ಫ್ಯಾದಮ್ ಅಂದರೆ 12 ಅಡಿ ಆಳವನ್ನು ಸೂಚಿಸುವ ಕರೆಯೇ ಆಗಿದೆ.

ದೋಣಿಯನ್ನು ನಿಲ್ಲಿಸಿ, ಟ್ರಾನ್ಸ್‌ಡ್ಯೂಸರಿನ ಪಕ್ಕದಲ್ಲಿ ಹಗ್ಗವನ್ನು ನೇರವಾಗಿ ಇಳಿಸಿದಾಗ ನೀರಿನ ಮೇಲ್ಮೈಯಿಂದ ಆಳ 2.4 ಮೀಟರ್ ಬಂತೆನ್ನೋಣ. ಟ್ರಾನ್ಸ್‌ಡ್ಯೂಸರ್ ಮೇಲ್ಮೈಗಿಂತ 0.3 ಮೀಟರ್ ಕೆಳಗಿದ್ದರೆ ಅದರಿಂದ ನೆಲಕ್ಕೆ 2.1 ಮೀಟರ್. ಲೆಕ್ಕಪತ್ರದಲ್ಲಿ ತಾಳೆಯಾಗದ ವ್ಯತ್ಯಾಸವು 9ರಿಂದ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದೆಂದು ಬ್ಯಾಂಕಿನ ಕೆಲಸದಲ್ಲಿರುವ ನಾವು ಊಹಿಸುತ್ತೇವೆ. ಇಲ್ಲಿಯೂ ತಪ್ಪಿನ ಪ್ರಮಾಣವೇ ಕಾರಣವನ್ನು ಸೂಚಿಸುತ್ತದೆ.

ಯಂತ್ರ 2.4 ತೋರಿಸಿದರೆ ಅದನ್ನು ಮೇಲ್ಮೈಯಿಂದ ಅಳೆಯುವಂತೆ ಹೊಂದಿಸಲಾಗಿದೆ. ಇದು ದೋಷವಲ್ಲ, ಆದರೆ ದೋಣಿಯ ಅಡಿಯಲ್ಲಿ ಅಷ್ಟು ನೀರಿದೆಯೆಂದು ಭಾವಿಸಬಾರದು. 6.9 ತೋರಿಸಿದರೆ ಅದು ಅಡಿಗಳ ಲೆಕ್ಕ. ಇದನ್ನು ಮೀಟರ್ ಎಂದು ಓದಿದವರು ಇರುವುದಕ್ಕಿಂತ ಮೂರು ಪಟ್ಟು ನೀರಿದೆಯೆಂದು ನಂಬಿಯಾರು. ಸರಿಸುಮಾರು ಎರಡರಷ್ಟು, ಅಂದರೆ 4.2ರ ಆಸುಪಾಸು ತೋರಿಸಿದರೆ, ಮಾರ್ದನಿ ದೋಣಿಯ ತಳಕ್ಕೆ ತಗುಲಿ ಮತ್ತೊಮ್ಮೆ ನೆಲಕ್ಕೆ ಹೋಗಿ ಬಂದಿದೆ. ಗಟ್ಟಿ ನೆಲದ ಆಳವಿಲ್ಲದ ನೀರಿನಲ್ಲಿ ಹೀಗಾಗುತ್ತದೆ. ಯಂತ್ರದ ಸಂವೇದನೆಯ ಮಟ್ಟವನ್ನು ತಗ್ಗಿಸಿದರೆ ಸರಿಹೋಗುತ್ತದೆ. ಅಂಕಿ ಯಾವ ನಿಯಮವೂ ಇಲ್ಲದೆ ಕುಣಿಯುತ್ತಿದ್ದರೆ ಗುಳ್ಳೆ, ಜಲಸಸ್ಯ, ಎಂಜಿನ್ನಿನ ವಿದ್ಯುತ್ ಅಡಚಣೆಗಳನ್ನು ಸಂಶಯಿಸಬೇಕು.

ಇತರ ಮಾಪಕಗಳು

ಎಲ್ಲ ಮುಳ್ಳುಗಳೂ ಒಟ್ಟಿಗೆ ತಪ್ಪು ತೋರಿಸಿದರೆ ಮಾಪಕಗಳೆಲ್ಲ ಏಕಕಾಲಕ್ಕೆ ಕೆಟ್ಟಿರುವ ಸಂಭವ ಕಡಿಮೆ. ಅವಕ್ಕೆಲ್ಲ ಸಮಾನವಾದ ಅರ್ತ್ ತಂತಿಯನ್ನು ಮೊದಲು ನೋಡಬೇಕು. ಇಂಧನದ ಮಾಪಕವೊಂದೇ ತಪ್ಪಿದರೆ ಟ್ಯಾಂಕಿನೊಳಗಿನ ಸೆಂಡರನ್ನು ಪರೀಕ್ಷಿಸಬೇಕು. ಅಮೆರಿಕದ ಪದ್ಧತಿಯ ಸೆಂಡರ್ ಟ್ಯಾಂಕ್ ಬರಿದಾದಾಗ ಸುಮಾರು 240 ಓಮ್, ತುಂಬಿದಾಗ ಸುಮಾರು 33 ಓಮ್ ತೋರಿಸುತ್ತದೆ. ಯುರೋಪಿನ ಪದ್ಧತಿಯಲ್ಲಿ ಇದು ತಿರುವುಮುರುವು: ಬರಿದಾದಾಗ ಸುಮಾರು 10, ತುಂಬಿದಾಗ ಸುಮಾರು 180. ರಿಪೇರಿಯ ವೇಳೆ ಒಂದರ ಸೆಂಡರಿಗೆ ಇನ್ನೊಂದರ ಮಾಪಕ ಜೋಡಿಸಿದರೆ ಬರಿದಾದ ಟ್ಯಾಂಕ್ ತುಂಬಿದಂತೆ ಕಾಣುತ್ತದೆ. ಪೆಟ್ರೋಲ್ ದೋಣಿಯಲ್ಲಿ ಕಿಡಿ ಹಾರುವ ಅಪಾಯವಿರುವುದರಿಂದ ಈ ಪರೀಕ್ಷೆಯನ್ನು ತಿಳಿದ ಮೆಕ್ಯಾನಿಕ್‌ಗೆ ಬಿಡುವುದು ಲೇಸು.

ಎಂಜಿನ್ನಿನ ಉಷ್ಣತೆಯ ಮುಳ್ಳು ಏರಿದಾಗ ಮಾತ್ರ ಮಾಪಕವನ್ನು ಸಂಶಯಿಸುತ್ತ ಕುಳಿತಿರಬಾರದು. ಸುರಕ್ಷಿತ ಸ್ಥಳದಲ್ಲಿ ಎಂಜಿನ್ ನಿಲ್ಲಿಸಿ, ತಂಪಿಸುವ ನೀರಿನ ದಾರಿ ಕಟ್ಟಿದೆಯೇ ಎಂದು ನೋಡಿದ ಮೇಲೆಯೇ ಮಾಪಕದ ವಿಚಾರ.

ದುರಸ್ತಿಯ ನಂತರವೂ ಹಗ್ಗವನ್ನು ಮನೆಗೆ ಒಯ್ಯಬೇಡಿರೆಂದು ನಮ್ಮ ವಿನಂತಿ. ಮರಳು ಜಾಗ ಬದಲಿಸುವುದರಿಂದ ನಿನ್ನೆಯ ಆಳ ಇಂದಿಗೆ ಸಾಕ್ಷಿಯಲ್ಲ. ಮಕ್ಕಳೂ ಹಿರಿಯರೂ ಲೈಫ್ ಜಾಕೆಟ್ ತೊಟ್ಟು ಕುಳಿತ ಬಳಿಕ, ಹೊರಡುವ ಮುನ್ನ ಒಮ್ಮೆ ಹಗ್ಗವಿಳಿಸಿ ಪರದೆಯ ಅಂಕಿಯೊಡನೆ ತಾಳೆ ನೋಡಲು ಎರಡು ನಿಮಿಷ ಸಾಕು.